ನಕ್ಕೋ ಅಂದಳೋ, ನಕ್ಕಳೋ

ಮಾತಾಡುತ್ತಿರುವಾಗ ಯಾವುದಾದರೂ ದೊಡ್ಡ ಸದ್ದು ಹತ್ತಿರ ಬರತೊಡಗಿದರೆ ನನ್ನ ಬಾಯಿ ತಾನಾಗಿಯೇ ನಿಂತುಬಿಡುತ್ತದೆ. ವಾಕ್ಯ ಮುಗಿಸಿ ಮರ್ಯಾದೆಯಿಂದ ನಿಲ್ಲುವುದಲ್ಲ. ಪದದ ನಡುವೆ, ಕೆಲವೊಮ್ಮೆ ಒತ್ತಕ್ಷರದ ಮೇಲೇ ಕಾಲು ಊರಿ ನಿಲ್ಲುತ್ತದೆ. ಸದ್ದು ದಾಟಿಹೋದ ಮೇಲೆ ಬಿಟ್ಟ ಅಕ್ಷರದಿಂದಲೇ ಮತ್ತೆ ಹೊರಡುತ್ತದೆ. ನಡುವೆ ಏನೂ ಆಗಿಲ್ಲವೆಂಬಂತೆ.

ಮೊನ್ನೆ ಹೈದರಾಬಾದಿನ ಮಾದಾಪುರದ ನಮ್ಮ ಆಫೀಸಿನಿಂದ ಆನ್‌ಲೈನ್ ಮೀಟಿಂಗಿನಲ್ಲಿ ಮಾತಾಡುತ್ತಿದ್ದೆ. ಕಿಟಕಿಯ ಕೆಳಗೆ ಕಾಂಕ್ರೀಟ್ ಕಲಸುವ ಲಾರಿಯೊಂದು ಗುಡುಗುತ್ತ ಬಂತು. ನಾನು ಬಾಯಿ ಅರ್ಧ ತೆರೆದುಕೊಂಡು ನಿಂತೆ. ಮಂಗಳೂರಿನ ಹುಡುಗ ಸುಹಾಸ ಪರದೆಯ ಆಚೆಯಿಂದ, "ಮೇಡಂ, ನೀವು ಫ್ರೀಜ್ ಆಗಿದ್ದೀರಿ, ನೆಟ್‌ವರ್ಕ್ ಹೋಯ್ತು ಕಾಣ್ತದೆ" ಎಂದ. ಆಗಿಲ್ಲ ಎಂದು ತಿಳಿಸಲು ಕಣ್ಣು ಮಿಟುಕಿಸಿದೆ. ಅವನಿಗೆ ಇನ್ನೂ ಗಾಬರಿಯಾಯಿತು.

ಮದುವೆಯಾದ ಹೊಸತರಲ್ಲಿ ನನ್ನ ಗಂಡ ಈ ಮೌನವನ್ನು ಆಳವಾದ ಚಿಂತನೆ ಎಂದುಕೊಂಡಿದ್ದರು. ಇವಳು ಒಂದೊಂದು ಪದವನ್ನೂ ತೂಗಿ ಆಡುತ್ತಾಳೆ ಎಂದು ಅವರ ತಾಯಿಯ ಹತ್ತಿರ ಹೇಳಿದ್ದರಂತೆ. ಆ ಭ್ರಮೆಯನ್ನು ಎಷ್ಟು ದಿನ ಸಾಧ್ಯವೋ ಅಷ್ಟು ದಿನ ಕಾಪಾಡಿಕೊಂಡು ಬಂದೆ. ನಿಜ ಏನೆಂದರೆ ನಾನು ಹುಟ್ಟಿ ಬೆಳೆದದ್ದು ಕಾಚಿಗುಡ ಸ್ಟೇಷನ್ನಿನ ಬೆನ್ನಿಗೆ ಅಂಟಿಕೊಂಡಿದ್ದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲಾರ್ಕು. ಹಿತ್ತಲ ಗೋಡೆ, ಅದರಾಚೆ ಒಂದು ಬೇವಿನ ಮರ, ಅದರಾಚೆ ಹಳಿ. ಗಾಡಿ ಬಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಬಾಯಿ ಮುಚ್ಚುತ್ತಿದ್ದರು. ಕೂಗಿ ಗೆಲ್ಲುವಂಥ ಸದ್ದಲ್ಲ ಅದು.

ಆ ಮೌನಕ್ಕೆ ಅದರದೇ ಶಿಸ್ತು ಇತ್ತು. ಅಪ್ಪ ಅಣ್ಣನನ್ನು ಬೈಯಲು ಹೊರಟು "ಏ ಮಂ..." ಅನ್ನುವಷ್ಟರಲ್ಲಿ ಗಾಡಿ ಬಂದರೆ, ಕಿವಿ ಹಿಡಿದ ಕೈ ಹಾಗೇ, ಹುಬ್ಬು ಹಾಗೇ. ಇಡೀ ಗಾಡಿ ಹೋದ ಮೇಲೆ "...ಗ್ಯಾ" ಎನ್ನುತ್ತಿದ್ದರು. ಅಷ್ಟರಲ್ಲಿ ಸಿಟ್ಟು ಅರ್ಧ ಊರು ದಾಟಿರುತ್ತಿತ್ತು. ಉದ್ದ ಗಾಡಿಯಾದರೆ ಯಾಕೆ ಬೈಯುತ್ತಿದ್ದರೆಂಬುದೂ ಮರೆತಿರುತ್ತಿತ್ತು. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಕೆಯ ದೇವರ ನಾಮಗಳೂ ಹೀಗೆ ತುಂಡುತುಂಡಾಗಿಯೇ ವೈಕುಂಠ ಸೇರುತ್ತಿದ್ದವು. "ದೇವರಿಗೂ ರೂಢಿ ಆಗೇತಿ ಬಿಡು, ಅವನೂ ಇಲ್ಲೇ ಇರಾಂವಲ್ಲ?" ಎನ್ನುತ್ತಿದ್ದಳು.

ಗೋಡೆಗೆ ಗಡಿಯಾರವಿತ್ತು. ಯಾರೂ ಅದನ್ನು ನಂಬುತ್ತಿರಲಿಲ್ಲ. ಮನಮಾಡ ಗಾಡಿಗೆ ಕುಕ್ಕರ್ ಇಳಿಸಬೇಕು, ಬೆಂಗಳೂರು ಗಾಡಿಗೆ ನಾವು ಆಟ ನಿಲ್ಲಿಸಬೇಕು. ಗಾಡಿ ಲೇಟಾದ ದಿನ ಅನ್ನ ಮುದ್ದೆಯಾಗುತ್ತಿತ್ತು, ನಮ್ಮ ಆಟ ಬೆಳೆಯುತ್ತಿತ್ತು. ಹೀಗಾಗಿ ದೇಶದಲ್ಲಿ ಗಾಡಿಗಳು ಲೇಟಾಗುವುದರ ಪರವಾಗಿ ಇದ್ದವರು ಬಹುಶಃ ನಾನು ಮತ್ತು ಅಣ್ಣ ರಾಘು ಮಾತ್ರ.

ಇಷ್ಟು ಬರೆದು ನಿಲ್ಲಿಸಿ, ಇದರಲ್ಲಿ ಎಷ್ಟು ನಿಜ ಎಂದು ಕೇಳಿಕೊಳ್ಳುತ್ತೇನೆ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು; ಎದುರಿಗಿದ್ದ ಸಾಕ್ಷಿಯನ್ನೂ ಅನುಮಾನಿಸು ಎಂದು ಕಲಿಸಿದ್ದರು. ಅದಕ್ಕಿಂತ ಮೊದಲೇ ಈ ಪಾಠ ಕಲಿಸಿದ್ದು ಹೈದರಾಬಾದ್. ಇಲ್ಲಿ 'ಪರ್ಸೋಂ' ಎಂದರೆ ಮೊನ್ನೆ ಎಂದು ನಿಘಂಟು ನೋಡಿ ಬಂದವರು ಅಂದುಕೊಳ್ಳುತ್ತಾರೆ. ನಮ್ಮ ಪಕ್ಕದ ಕ್ವಾರ್ಟರ್ಸಿನ ಖಾಲಾ ತಮ್ಮ ಮೊಮ್ಮಗನನ್ನು ಮಡಿಲಲ್ಲಿ ಇಟ್ಟುಕೊಂಡು, "ಪರ್ಸೋಂ ನನ್ನ ಮದುವೆ ಆಯ್ತಲ್ಲ, ಆಗ..." ಎಂದು ಶುರು ಮಾಡುತ್ತಿದ್ದರು. ಹಾಗಾಗಿ ನಾನೀಗ ಹೇಳಹೊರಟಿರುವುದು ಪರ್ಸೋಂ ನಡೆದದ್ದು ಎಂದುಕೊಳ್ಳಿ. ಇಸವಿ ಕೇಳಬೇಡಿ. ನನ್ನ ಮುಂದಿನ ಒಂದು ಹಾಲುಹಲ್ಲು ಅಲ್ಲಾಡುತ್ತಿತ್ತು ಎಂಬುದಷ್ಟೇ ಕಾಲದ ಲೆಕ್ಕ.

ಅಪ್ಪನ ತಂಗಿ ಮಾಲತಿ ನಮ್ಮ ಜೊತೆಗೇ ಇದ್ದಳು. ನಮಗೆ ಮಾಲತ್ತಿ. ಅಣ್ಣ ಮತ್ತು ನಾನು ಅವಳನ್ನು ಮಾಲ್‌ಗಾಡಿ ಎಂದು ಕರೆಯುತ್ತಿದ್ದೆವು. ಅವಳೇನೂ ದಪ್ಪಗಿರಲಿಲ್ಲ, ಆದರೆ ಸರಕು ಗಾಡಿಯ ಹಾಗೆ ಎಲ್ಲಿಯೂ ಅವಸರಪಡುತ್ತಿರಲಿಲ್ಲ, ಯಾರಿಗೂ ದಾರಿಯನ್ನೂ ಬಿಡುತ್ತಿರಲಿಲ್ಲ. ಕೋಠಿಯಲ್ಲಿ ಕಾಲೇಜು ಮುಗಿಸಿದ್ದಳು. ಮನೆಯಲ್ಲಿ ನಮ್ಮ ಕಲಬುರಗಿ ಕಡೆಯ ಕನ್ನಡ, ಬೀದಿಯಲ್ಲಿ ತೆಲುಗು, ತರಕಾರಿಯವನ ಜೊತೆ ದಖ್ಖನಿ ಉರ್ದು. ಮೂರನ್ನೂ ಅವಳು ಒಂದೇ ಉಸಿರಿಗೆ ಆಡುತ್ತಿದ್ದಳು. "ಬೇಡ" ಎನ್ನಬೇಕಾದಾಗ ಮಾತ್ರ ಅವಳಿಗೆ ಒಂದೇ ಪದ, ನಕ್ಕೋ. ಅದು ಈ ಊರಿನ ಪದ. ಸೊಪ್ಪು ಬಾಡಿದೆಯೇ, ನಕ್ಕೋ. ಆಟೋದವನು ಹೆಚ್ಚು ಕೇಳಿದನೇ, ನಕ್ಕೋ. ನಾವು ಅವಳ ಪೌಡರ್ ಡಬ್ಬಿ ಮುಟ್ಟಿದೆವೇ, ನಕ್ಕೋ ಅಂದ್ರ ನಕ್ಕೋ.

ಅವಳನ್ನು ನೋಡಲು ಮೈಸೂರಿನವರು ಬರುತ್ತಾರೆಂದು ಗೊತ್ತಾದಾಗ ಮನೆಯಲ್ಲಿ ಸಡಗರಕ್ಕಿಂತ ಗಾಬರಿ ಹೆಚ್ಚಾಯಿತು. ಹುಡುಗ ಶ್ರೀಕಂಠ ಇಲ್ಲಿಯೇ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. ಅಪ್ಪ ಅಮ್ಮ ಊರಿಂದ ಬರುವವರು. "ಮೈಸೂರ್ ಮಂದಿ ಭಾಳ ನಾಜೂಕ ಅಂತ. ನಮ್ಮ ಮಾತು ಕೇಳಿದ್ರ ಜಗಳ ಮಾಡಾಕತ್ತಾರ ಅನಕೋತಾರ" ಎಂದು ಆಯಿ ಎಚ್ಚರಿಸಿದಳು. ಬೇಗಂ ಬಜಾರಿನಿಂದ ಶೇಂಗಾ ಬೆಲ್ಲ ತರಿಸಿ ಉಂಡಿ ಕಟ್ಟಿದಳು. ಮಾತಿನ ಗಡಿಬಿಡಿಯಲ್ಲಿ ಪಾಕ ಏರಿತು. ಆ ಉಂಡಿಗಳಲ್ಲಿ ಒಂದು ಕೈಜಾರಿ ಕೆಳಗೆ ಬಿದ್ದಾಗ ನಾನು ಉಂಡಿಯನ್ನು ನೋಡಲಿಲ್ಲ, ಹಾಸುಗಲ್ಲಿಗೆ ಏನಾಯಿತೆಂದು ನೋಡಿದೆ.

ಬಂದವರಿಗೆ ಬಾಗಿಲಲ್ಲಿ ಮೊದಲು ಸಿಕ್ಕಿದ್ದು ಅಣ್ಣ. ಅಪ್ಪನ ಹಳೆಯ ಕರಿ ಕೋಟು ಮೊಣಕಾಲಿನ ಕೆಳಗೆ ಇಳಿಬಿದ್ದಿತ್ತು. ಮನೆಗೆ ಬರುವ ನೆಂಟರನ್ನೆಲ್ಲ ಅವನು ಹೀಗೆಯೇ ತಡೆಯುತ್ತಿದ್ದ.

"ಟಿಕೀಟ್ರಿ," ಎಂದು ಕೈಚಾಚಿದ.

ಹುಡುಗನ ಅಪ್ಪ ಪಾಪ ನಿಜವಾಗಿಯೂ ಜೇಬು ತಡಕಿದರು. "ಸ್ಟೇಷನ್ನಲ್ಲೇ ಕೊಟ್ಬಿಟ್ವಲ್ಲಪ್ಪ?"

"ಹಂಗಾದ್ರ ದಂಡ ಬೀಳ್ತದ್ರಿ."

"ಏ ಮಂಗ್ಯಾ!" ಎಂದು ಅಪ್ಪ ಒಳಗಿನಿಂದ ಓಡಿಬಂದರು. ಆ ಹೊತ್ತಿಗೆ ಗಾಡಿ ಅಡ್ಡ ಬರಲಿಲ್ಲ. ಪದ ಪೂರ್ತಿ ಬಿತ್ತು.

ಮುಂದಿನದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಮಾಲತ್ತಿ ಚಾಪೆಯ ತುದಿಯಲ್ಲಿ ಕೂತಿದ್ದಳು. ಅವಳಿಗೆ ಅಂಟಿಕೊಂಡು ನಾನು. ನಡುವೆ ಉಂಡಿಯ ತಟ್ಟೆ. ಎದುರಿಗೆ ಕುರ್ಚಿಗಳಲ್ಲಿ ಮೈಸೂರು. ಹುಡುಗನ ಬಗ್ಗೆ ನನಗೆ ನೆನಪಿರುವುದು ಅವನ ಬಲಗೆನ್ನೆಯೊಳಗಿನ ಒಂದು ಉಬ್ಬು ಮಾತ್ರ. ಅವನ ಅಮ್ಮ ನೇರ ಮಾತಿನ ಹೆಂಗಸು. ಎಲ್ಲರ ಎದುರಿಗೇ ಕೇಳಿದರು:

"ಏನಮ್ಮ ಮಾಲತಿ, ನಮ್ಮ ಹುಡುಗ ನಿಂಗೆ ಒಪ್ಪಿಗೇನಾ? ನಾಚ್ಕೋಬೇಡ, ಬಾಯ್ಬಿಟ್ಟು ಹೇಳ್ಬಿಡು."

ಹಿತ್ತಲಲ್ಲಿ ಹಳಿ ಗುನುಗಿತು. ಮಾಲ್‌ಗಾಡಿ. ನಮ್ಮ ಮನೆಯವರೆಲ್ಲ ಒಮ್ಮೆಲೇ ಬಾಯಿ ಮುಚ್ಚಿದೆವು. ಮೈಸೂರಿನವರಿಗೆ ಈ ಶಿಸ್ತು ಗೊತ್ತಿಲ್ಲ. ಅವರ ಬಾಯಿಗಳು ಗಾಜಿನ ತೊಟ್ಟಿಯ ಮೀನಿನ ಹಾಗೆ ಆಡುತ್ತಲೇ ಇದ್ದವು. ತಟ್ಟೆಯ ಪಕ್ಕದ ನೀರಿನ ಲೋಟಗಳು ನಡುಗಿದವು. ಆಗ ಮಾಲತ್ತಿಯ ತುಟಿ ಅಲುಗಿತು. ಸದ್ದು ಕೇಳಲಿಲ್ಲ. ಆದರೆ ನಾನು ಅವಳ ಪಕ್ಕೆಗೆ ಅಂಟಿ, ಮುಖವನ್ನೇ ನೋಡುತ್ತಿದ್ದೆ. ಆ ಪದದ ಆಕಾರ ನನಗೆ ಪೌಡರ್ ಡಬ್ಬಿಯ ಕಾಲದಿಂದ ಬಾಯಿಪಾಠ.

ಗಾಡಿ ಹೋಯಿತು. ಹುಡುಗನ ಅಮ್ಮ ಮುಂದಕ್ಕೆ ಬಾಗಿದರು. "ಏನಂದ್ಲು? ಹುಡುಗಿ ಏನೋ ಅಂದ್ಲಲ್ಲ, ಕೇಳಿಸ್ಲಿಲ್ಲ."

ಯಾರೂ ಕೇಳದ್ದು ನನಗೊಬ್ಬಳಿಗೆ ಗೊತ್ತು ಎಂಬ ಸಂಭ್ರಮದಲ್ಲಿ ನಾನು ಕೂಗಿದೆ: "ನಕ್ಕೋ ಅಂದ್ಳು!"

ಅಲ್ಲಾಡುವ ಹಲ್ಲು, ಅವಸರದ ನಾಲಗೆ. 'ನಕ್ಕೋಂದ್ಳು' ಎಂದು ಒಂದೇ ಪದವಾಗಿ ಹೊರಬಿದ್ದಿರಬೇಕು.

"ನಕ್ಕೊಂಡ್ಲಾ?" ಆ ಹೆಂಗಸಿನ ಮುಖ ಅರಳಿತು. "ನೋಡಿದ್ರಾ, ನಕ್ಕೊಂಡ್ಲಂತೆ! ಹುಡುಗಿ ನಕ್ಲು ಅಂದ್ರೆ ಇನ್ನೇನು ಬೇಕು, ಒಪ್ಪಿದ ಹಾಗೇ!"

ಅಪ್ಪನಿಗೆ ಅರ್ಥವಾಗಿತ್ತು. ಅಮ್ಮನಿಗೆ ಅರ್ಥವಾಗಿತ್ತು. ಹಳಿಯ ಮೇಲೆ ಇನ್ನೊಂದು ಗಾಡಿಯಾದರೂ ಬರಬಾರದೇ ಎಂದು ಅಪ್ಪ ಹಿತ್ತಲ ಕಡೆ ನೋಡಿದರು. ಆಯಿ ಮಾತ್ರ ತಡಮಾಡಲಿಲ್ಲ.

"ಹೌದ್ರಿ, ನಕ್ಳು. ಭಾಳ ನಕ್ಳು. ನಮ್ಮ ಮಾಲೂ ಮೊದಲಿಂದಾನೂ ನಗೂ ಹುಡುಗಿ," ಎಂದಳು. ಒಂದು ಕೈಯಿಂದ ನನ್ನ ಬಾಯಿಗೆ ಸಕ್ಕರೆ ತುಂಬಿ, ಇನ್ನೊಂದು ಕೈಯಿಂದ ತೊಡೆ ಚಿವುಟಿದಳು. ಸಿಹಿಯೂ ಉರಿಯೂ ಅಷ್ಟು ಹತ್ತಿರ ಹತ್ತಿರ ನನಗೆ ಮತ್ತೆಂದೂ ಸಿಕ್ಕಿಲ್ಲ. ಮಾಲತ್ತಿ ತಲೆ ತಗ್ಗಿಸಿದಳು. ಅವಳ ಭುಜ ಕುಣಿಯುತ್ತಿತ್ತು. ಈಗ ಅವಳು ನಿಜವಾಗಿಯೂ ನಗುತ್ತಿದ್ದಳು, ಅಥವಾ ಅಳುತ್ತಿದ್ದಳು. ಪಕ್ಕದಿಂದ ನೋಡಿದರೆ ಎರಡೂ ಒಂದೇ.

ಅವರು ಹೋದ ಮೇಲೆ ಆಯಿ ಅವಳನ್ನು ಅಡುಗೆಮನೆಗೆ ಕರೆದಳು. ನಾನು ಬಾಗಿಲ ಸಂದಿಯಲ್ಲಿದ್ದೆ.

"ಮಾಲೂ, ಖರೇ ಹೇಳವಾ. ಒಲ್ಲೆ ಅಂದಿದ್ರ ಈಗ ಹೇಳಿಬಿಡು. ನಾ ಹೋಗಿ ಕೈ ಮುಗದು ಹೇಳಿ ಬರ್ತೀನಿ."

"ಇರಲಿ ಬಿಡವಾ," ಎಂದಳು ಮಾಲತ್ತಿ. "ಒಮ್ಮಿ ನಕ್ಕಂಗಾತಲ್ಲ."

ಇದು ಉತ್ತರವೇ? ನನಗೆ ಇಂದಿಗೂ ಗೊತ್ತಾಗಿಲ್ಲ. ಮದುವೆ ಆಯಿತು. ನನಗೆ ಜರಿ ಲಂಗ ಬಂತು. 'ಮದುವೆ ಮಾಡಿಸಿದೋಳು' ಎಂದು ಬೀಗರು ನನ್ನ ಗಲ್ಲ ಹಿಂಡಿದರು. ಮುಂದೆ ಎಷ್ಟೋ ಹಬ್ಬಗಳಲ್ಲಿ ಈ ಕತೆ ಹೇಳಿ ನಾನು ಎರಡನೇ ಸಲ ಹೋಳಿಗೆ ಹಾಕಿಸಿಕೊಂಡಿದ್ದೇನೆ. ಆದರೆ ದೊಡ್ಡವಳಾಗುತ್ತ ಬಂದಂತೆ ಕತೆಯ ಬುಡ ಅಲ್ಲಾಡತೊಡಗಿತು, ಆ ಹಲ್ಲಿನ ಹಾಗೆ. ಒಬ್ಬ ಹೆಂಗಸಿನ ಸಂಸಾರ ಇನ್ನೊಬ್ಬ ಹುಡುಗಿಯ ಉಚ್ಚಾರದ ಮೇಲೆ ನಿಂತಿರಬಹುದೇ? ಅವಳು ಬೇಡ ಎಂದದ್ದನ್ನು ನಾವೆಲ್ಲ ಸೇರಿ ನಗು ಮಾಡಿಬಿಟ್ಟೆವೇ?

ಅವರ ಮನೆಗೆ ಹೋದಾಗಲೆಲ್ಲ ನಾನು ಗೂಢಚಾರಳ ಹಾಗೆ ಕೂರುತ್ತಿದ್ದೆ. ಅವಳು ಮೊದಲ ದಿನ ಬಡಿಸಿದ ಖಡಕ್ ರೊಟ್ಟಿಯನ್ನು ಶ್ರೀಕಂಠ ಮಾಮಾ ಹಪ್ಪಳವೆಂದುಕೊಂಡು ಅನ್ನಕ್ಕೆ ಕಾದು ಕೂತಿದ್ದರಂತೆ. ಅವರು ಸಾರಿಗೆ ಬೆಲ್ಲ ಹಾಕು ಎನ್ನುವುದು, ಇವಳು "ಸಾರು ಮಾಡ್ಲ್ಯೋ ಪಾಯಸಾ ಮಾಡ್ಲ್ಯೋ?" ಎನ್ನುವುದು. ಅವರು ಎರಡನೇ ಸಲ ಕಾಫಿ ಕೇಳಿದರೆ ಅವಳು "ನಕ್ಕೋ" ಎನ್ನುತ್ತಿದ್ದಳು; ನಾನು ಕಿವಿ ನಿಮಿರಿಸುತ್ತಿದ್ದೆ. ಜಗಳವಾದ ದಿನದ ಡೈರಿಯಲ್ಲಿ 'ನಕ್ಕೋ' ಎಂದೂ, ಇಬ್ಬರೂ ನಕ್ಕ ದಿನ 'ನಕ್ಕಳು' ಎಂದೂ ಬರೆದಿಟ್ಟೆ. ಕೆಲವು ದಿನ ಎರಡನ್ನೂ ಬರೆಯಬೇಕಾಗಿ ಬಂದು ಆ ಅಧ್ಯಯನವನ್ನು ಕೈಬಿಟ್ಟೆ.

ನಿವೃತ್ತಿಯ ನಂತರ ಅವರು ಮೈಸೂರಿಗೆ ಹೋದರು. ಈಚೆಗೆ ಅಣ್ಣನ ಹೊಸ ಫ್ಲಾಟಿನ ಗೃಹಪ್ರವೇಶಕ್ಕೆ ಬಂದಿದ್ದರು. (ಅಣ್ಣ ಬಾಗಿಲಲ್ಲಿ ನಿಂತು ಕೈಚಾಚಿ "ಟಿಕೀಟ್ರಿ" ಎಂದ. ಮಾಮಾ ಈ ಸಲ ನಿಜವಾಗಿಯೂ ಕೊಟ್ಟರು.) ವಾಪಸು ಹೊರಟಾಗ ಕಾಚಿಗುಡಕ್ಕೆ ಬಿಡಲು ನಾನೇ ಹೋದೆ. ಗಾಡಿ ಲೇಟು. ನನ್ನ ಹಳೆಯ ನಿಷ್ಠೆಗೆ ಸಂತೋಷವಾಯಿತು. ಮಾಮಾ ತಮ್ಮ ಬೋಗಿ ಎಲ್ಲಿ ನಿಲ್ಲುತ್ತದೆಂದು ವಿಚಾರಿಸಲು ಹೋದರು. ಬೆಂಚಿನ ಮೇಲೆ ನಾವಿಬ್ಬರೇ. ಕೇಳಿಯೇಬಿಟ್ಟೆ.

"ಮಾಲತ್ತಿ, ಅವತ್ತು ಖರೇನ ನಕ್ಕೋ ಅಂದಿದ್ದೇನ ನೀ?"

"ಯಾವತ್ತು?"

"ಮಾಮಾ ನೋಡಾಕ ಬಂದಾಗ. ಮಾಲ್‌ಗಾಡಿ ಹೋಗಾಕತ್ತಿತ್ತಲ್ಲ."

"ಅಂದಿದ್ದೆ."

ಅವಳು ಚೀಲದಿಂದ ಅಡಿಕೆ ಡಬ್ಬಿ ತೆಗೆದು, ನಿಧಾನವಾಗಿ ಮುಚ್ಚಳ ಬಿಚ್ಚಿದಳು. ಹೇಳಿದೆನಲ್ಲ, ಸರಕು ಗಾಡಿ.

"ನಿನಗ ಅಂದಿದ್ದೆ," ಎಂದಳು. "ಗದ್ದಲದಾಗ ಯಾರೂ ನೋಡೂದಿಲ್ಲ ಅಂತ ತಾಟಿಗೆ ಕೈ ಹಾಕಾಕತ್ತಿದ್ದಿ. ಅವ್ವನ ಉಂಡಿ ಕಲ್ಲ ಆಗಿದ್ವು. ನಿಂದೊಂದು ಹಲ್ಲ ಜೋತಾಡಾಕತ್ತಿತ್ತು. ಬೀಗರ ಮುಂದ ರಕ್ತಾ ಸುರಿಸ್ಕೊಂಡು ಅತ್ತಿ ಅಂದ್ರ ಹೆಂಗ? ನಕ್ಕೋ ಗೌರಿ ಅಂದೆ. ನೀ ಗೌರಿ ಬಿಟ್ಟು ನಕ್ಕೋ ಇಟಗೊಂಡಿ."

ಇಷ್ಟು ವರ್ಷ ನಾನು ಆ ಕೋಣೆಯ ಏಕೈಕ ಸಾಕ್ಷಿ ಎಂದುಕೊಂಡಿದ್ದೆ. ನೋಡಿದರೆ ಆರೋಪಿ ನಾನೇ, ಕೈ ತಟ್ಟೆಯಲ್ಲಿತ್ತು. ಆ ಕೈಯ ನೆನಪು ನನಗೆ ಒಂದಿಷ್ಟೂ ಇಲ್ಲ. ನನ್ನ ನೆನಪು ನನಗೆ ಅನುಕೂಲವಾಗುವಂತೆ ಎಷ್ಟು ಅಚ್ಚುಕಟ್ಟಾಗಿ ಕತ್ತರಿ ಆಡಿಸಿದೆ!

"ಹಂಗಾದ್ರ ಅವರ ಅವ್ವ ಕೇಳಿದ್ದಕ್ಕ ನೀ ಏನೂ ಅನ್ನಲೇ ಇಲ್ಲ?"

"ಅನ್ನಾಕ ಎಲ್ಲಿ ಬಿಟ್ರಿ? ನೀ ಒದರಿದಿ, ಅವ್ವ ಸಕ್ರಿ ಹಂಚಿದಳು, ಮುಗೀತು."

"ಕೇಳಿದ್ರ ಏನಂತಿದ್ದಿ?"

ಅವಳು ಬೇವಿನ ಮರದ ಕಡೆ ನೋಡಿದಳು. ಕ್ವಾರ್ಟರ್ಸ್ ಹೋಗಿದೆ, ಮರ ಇದೆ. "ಅವರ ಅವ್ವ ಕೇಳಿದ ಕೂಡಲೇ ಇವರು, 'ಅಮ್ಮ, ಎಲ್ಲರ ಮುಂದೆ ಹಾಗೆಲ್ಲ ಕೇಳ...' ಅಂದ್ರು. ಗಾಡಿ ಬಂತು. ನಿಂತ್ರು ನೋಡು. ಉಳಿದ ಮೈಸೂರ್ ಮಂದಿ ವಟಾ ವಟಾ ನಡಸೇ ಇದ್ರು. ಇವರೊಬ್ರೇ ಬಾಯಿ ಮುಚ್ಚಿ, ತಲಿ ತಗ್ಗಿಸಿ, ಪೂರಾ ಗಾಡಿ ಹೋಗೂ ತನಕ ಸುಮ್ಮ ಕುಂತ್ರು. ಹೋದ ಮ್ಯಾಲೆ '...ಬಾರ್ದು' ಅಂದ್ರು. ನೀ ಒದರಿದ್ದರಾಗ ಅದು ಯಾರಿಗೂ ಕೇಳ್ಲಿಲ್ಲ. ನನಗ ಕೇಳಿತು. ಯಾರೂ ಹೇಳಿಕೊಡದಿದ್ರೂ, ನಮ್ಮ ಮನಿ ಮಂದಿ ಹಂಗ. ಈ ಮನಶ್ಯಾನ ಜೋಡಿ ಬಾಳೇ ಮಾಡಬಹುದು ಅನಿಸ್ತು. ಅದಕ್ಕ ನಗೂ ಬಂತು."

ಅಂದರೆ ಭುಜ ಕುಣಿದದ್ದು ನಗುವಿಗೇ. ಹಗುರಾಗಿ ಕೂತೆ. ಅಷ್ಟರಲ್ಲಿ ಮಾಮಾ ಬಂದರು. ಮಾಲತ್ತಿ ಬಾಟಲಿ ಹಿಡಿದು, ಸ್ಟೇಷನ್ನಿನ ನೀರಿನ ರುಚಿ ಬೇರೆ ಎನ್ನುತ್ತ ನಲ್ಲಿಯ ಕಡೆ ಹೋದಳು. ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಇತಿಹಾಸದಲ್ಲಿ ಎಂ.ಎ.; ಇನ್ನೊಂದು ಸಾಕ್ಷಿ ಎದುರಿಗೇ ಕೂತಿತ್ತು.

"ಮಾಮಾ, ನೋಡಾಕ ಬಂದಾಗ ಗಾಡಿ ಬಂತಲ್ಲ, ನೀವು ಮಾತು ಅರ್ಧಕ್ಕ ಬಿಟ್ಟು ಸುಮ್ಮ ಆದ್ರಂತ?"

ಮಾಮಾ ಸುತ್ತ ನೋಡಿದರು. ನಲ್ಲಿ ದೂರವಿತ್ತು.

"ಯಾರ್ಗೂ ಹೇಳ್ಬೇಡ ಕಣಮ್ಮ. ನಿಮ್ಮಜ್ಜಿ ಉಂಡೆ ಇತ್ತಲ್ಲ? ಅದನ್ನ ಕೆನ್ನೇಲಿ ಇಟ್ಕೊಂಡು ನಮ್ಮಮ್ಮನ್ನ ತಡೆಯೋಕೆ ಹೋದೆ. 'ಕೇಳ' ಅನ್ನೋವಾಗ ಹಲ್ಲಿನ ಮಧ್ಯೆ ಸಿಕ್ಕಾಕೊಂಡ್ಬಿಡ್ತು. ಮೇಲೂ ಇಲ್ಲ, ಕೆಳಗೂ ಇಲ್ಲ. ತಲೆ ಬಗ್ಗಿಸಿ ಒಳಗೊಳಗೇ ಒದ್ದಾಡಿದೀನಿ. ದೇವರು ದೊಡ್ಡವನು, ಉದ್ದದ ಗಾಡಿ ಕಳಿಸಿದ. ಕೊನೇ ಡಬ್ಬ ಹೋಗೋ ಹೊತ್ತಿಗೆ ದವಡೆ ಬಿಟ್ಕೊಳ್ತು. ಇಲ್ಲಾಂದ್ರೆ ಮೂಗ ಅಂತ ವಾಪಸ್ ಕಳಿಸ್ತಿದ್ರು ನಿಮ್ಮೋರು!"

ಕೆನ್ನೆಯ ಉಬ್ಬು! ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದ ಒಂದೇ ಒಂದು ಸಂಗತಿ, ಅದರ ಅರ್ಥ ಮಾತ್ರ ಗೊತ್ತಿರಲಿಲ್ಲ. ಮಾಮಾ ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದರು. ನಾನೂ ಬೆಂಚು ಹಿಡಿದುಕೊಂಡು ನಕ್ಕೆ. ಮಾಲತ್ತಿ ತುಂಬಿದ ಬಾಟಲಿ ಹಿಡಿದು ಬಂದಳು. ಒಮ್ಮೆ ಅವರನ್ನು ನೋಡಿದಳು, ಒಮ್ಮೆ ನನ್ನನ್ನು.

"ಏನರೆ ಮಸಲತ್ತು ನಡದೇತಿ. ಅದ ಕೇಳಿದೇನ ಅವರಿಗೂ? ಯಾಕ ಸುಮ್ಮ ಆಗಿದ್ರಂತ? ಏನಂದ್ರು?"

ಮಾಮಾ ಕನ್ನಡಕ ಒರೆಸುವ ನೆಪದಲ್ಲಿ ಆಚೆ ತಿರುಗಿದರು. ಉತ್ತರ ನನ್ನ ನಾಲಗೆಯ ತುದಿಗೆ ಬಂದಿತ್ತು. ಆಗ ಆಚೆಯ ಹಳಿಯ ಮೇಲೆ ಮಾಲ್‌ಗಾಡಿ ಬಂತು. ನಮ್ಮ ಮನೆಯ ರೂಢಿಯಂತೆ ಬಾಯಿ ಮುಚ್ಚಿದೆ. ಮಾಲತ್ತಿಯೂ ಮುಚ್ಚಿದಳು, ಕೈಯಲ್ಲಿ ಬಾಟಲಿ ಹಾಗೇ, ಹುಬ್ಬು ಹಾಗೇ. ಡಬ್ಬಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು. ಅಷ್ಟು ಹೊತ್ತೂ ಮಾಮಾ ತುಟಿ ಬಿಗಿಹಿಡಿದು, ಒಂದು ಮಾತೂ ಆಡದೆ, ಸೌಜನ್ಯದ ಮೂರ್ತಿಯಾಗಿ ನಿಂತಿದ್ದರು. ಮಾಲತ್ತಿ ಅವರನ್ನೇ ನೋಡುತ್ತಿದ್ದಳು.

ಗಾಡಿ ದಾಟಿತು.

"ಏನಂದ್ರು?" ಎಂದಳು ಮತ್ತೆ.

"ಏನೂ ಅನ್ನಲಿಲ್ಲ, ಮಾಲತ್ತಿ," ಎಂದೆ. "ನಕ್ಕರು."